ಹದಿನೇಳನೇ ಜೋಡಿ ಫೋಟೋ

ಸೋಮವಾರ ಮುಂಜಾನಿ ಅಂಗಡಿ ಶಟರ್ ಅರ್ಧ ಎತ್ತಿದ್ನಿ. ಅಷ್ಟರಾಗ ಒಬ್ಬಾಕಿ ಹೆಣ್ಮಗಳು ಬಗ್ಗಿ ಒಳಗ ಹಣಿಕಿ ಹಾಕಿ, "ಮದುವಿ ಫೋಟೋ ತಗೀತಿದ್ದ ಅಣ್ಣಾರ ಅಂಗಡಿ ಇದ ಏನ್ರಿ?" ಅಂತ ಕೇಳಿದ್ಲು.

"ಹೌದ್ರಿ."

"ಹಂಗಾರ ನನ್ನ ಮದುವಿ ಫೋಟೋ ಕೊಡ್ರಿ."

ಕೇಳಿದ ರೀತಿ ನೋಡಿದ್ರ ಹ್ವಾದ ವಾರ ಮದುವಿ ಆದಂಗಿತ್ತು. ಒಳಗ ಕುಂಡ್ರಿಸಿ ವಿಚಾರಿಸಿದಾಗ ತಿಳೀತು, ಅದು ಹದಿನಾರು ವರ್ಷದ ಹಿಂದಿನ ಮದುವಿ.

ಮೂಡಲಗಿಯಾಗ ನಂದೊಂದು ಸಣ್ಣ ಸ್ಟುಡಿಯೋ ಐತಿ. ಈಗ ಝೆರಾಕ್ಸ್, ಪಹಣಿ, ಪಾಸ್‌ಪೋರ್ಟ್ ಸೈಜಿನ ಫೋಟೋ, ಇದರಾಗ ದಿನಾ ಕಳೀತೈತಿ. ಆವಾಗ ಊರೂರು ತಿರುಗಿ ಮದುವಿ ಫೋಟೋ ತಗೀತಿದ್ನಿ. ಮೇಲವಂಕಿ ಕಡೆ ಒಂದು ಸಾಮೂಹಿಕ ಮದುವಿ ಆಗಿತ್ತು, ಇಪ್ಪತ್ತೆರಡು ಜೋಡಿ. ಗದ್ಲದಾಗ ಅದಲುಬದಲು ಆಗಬಾರ್ದು ಅಂತ ಮದುಮಕ್ಕಳ ಎದಿಗಿ ಒಂದೊಂದು ನಂಬರಿನ ಚೀಟಿ ಪಿನ್ ಹಚ್ಚಿದ್ರು. ಈ ಹೆಣ್ಮಗಳದು ಹದಿನೇಳನೇ ಜೋಡಿ. ತಾರೀಖು ಮರ್ತಿದ್ಲು, ನಂಬರ್ ಮರ್ತಿದ್ದಿಲ್ಲ.

ಆಕಿ ಗಂಡ ಹ್ವಾದ ವರ್ಷ ತೀರಿಕೊಂಡ. ಕುರಿ ಹಿಂಡಿನ ಸಂಗಾಟ ಹೋದಾಂವ ಜ್ವರಾ ಬಂದು ಹಾದ್ಯಾಗ ಹೋದ. ಅವನ ದಿನಕರ್ಮ ಮಾಡಿ ಮುಗದ ಮ್ಯಾಲ ಮೈದುನ ತಕರಾರ ತಗದ. "ಈಕಿ ನಮ್ಮಣ್ಣನ ಲಗ್ನದ ಹೆಂಡ್ತಿ ಅಲ್ಲ, ಸುಮ್ನ ಬಂದು ಕೂಡಿಕೊಂಡಾಕಿ" ಅಂದ. ಸತ್ತಾಂವನ ಹೊಲದ ವಾರಸಾದಾಗ ಈಕಿ ಹೆಸರು ಬರಬಾರ್ದು ಅಂತ ಹಟ. ಮಾತು ಗೋಕಾಕ ಕೋರ್ಟಿಗಿ ಹೋತು. ರೇಷನ್ ಕಾರ್ಡಿನಾಗ ಹೆಸರು ಐತಿ ಅಂದ್ರ ಅದು ಬಾಯಿಲೆ ಹೇಳಿ ಬರ್ಸಿದ್ದು ಅಂದ್ರಂತ. ಮದುವಿ ಮಾಡಿಸಿದ ಹಿರ್ಯಾರು ಈಗಿಲ್ಲ, ಅವರು ಜೋಡಿಗಳ ಹೆಸರು ಬರದಿಟ್ಟ ವಹಿ ಎಲ್ಲಿ ಹೋತೋ ಗೊತ್ತಿಲ್ಲ. ಆಕಿ ಅಪ್ಪ ಇಲ್ಲ. ಮನ್ಯಾಗ ಇದ್ದ ಎರಡು ಫೋಟೋ ಗೆದ್ದಲ ತಿಂದಾವ ಅಂತ ಮೈದುನ ಹೇಳ್ಯಾನ.

"ಹೊಲಾ ಹ್ವಾದ್ರ ಹೋಗ್ಲಿ ಅಣ್ಣಾ," ಅಂದ್ಲು. "ಹದಿನೈದು ವರ್ಷ ಬಾಳೇ ಮಾಡೇನಿ. ಕೂಡಿಕೊಂಡಾಕಿ ಅಂತಾರ. ಊರಾಗ ಯಾವ ಮಾರಿ ಹೊತ್ತು ತಿರಗಲಿ?"

ಆಕಿನ ತನ್ನ ವಕೀಲರಿಗಿ ಫೋನ್ ಹಚ್ಚಿ ನನ್ನ ಕೈಗಿ ಕೊಟ್ಲು. ವಕೀಲ ಸಾಹೇಬ್ರು ಗಡಿಬಿಡಿಯಾಗ ಇದ್ರು. "ಗುರುವಾರ ತಾರೀಖು ಐತ್ರಿ. ಅವತ್ತ ತಂದ್ರ ಸರಿ, ಇಲ್ಲಂದ್ರ ನಮ್ಮ ಕಡಿ ಸಾಕ್ಷಿ ಮುಗೀತು ಅಂತ ಬರ್ಕೋತಾರ. ಮತ್ತ ಸುಮ್ನ ಪ್ರಿಂಟ್ ತಂದ್ರ ನಡ್ಯಂಗಿಲ್ಲ. ಯಾವ ಡಿಸ್ಕಿನಾಗ ಇತ್ತು, ಹ್ಯಾಂಗ ತಗದ್ರಿ, ಎಲ್ಲಾ ಬರದು ನೀವ ಸಹಿ ಮಾಡಬೇಕು. ಫೋಟೋ ಚಂದ ಮಾಡಾಕ ಹೋಗಬ್ಯಾಡ್ರಿ. ಹೆಂಗಿತ್ತೋ ಹಂಗ ಬರಲಿ."

ಗುರುವಾರಕ್ಕ ನಡುವ ಎರಡು ದಿನಾ.

ಆ ಫೋಟೋ ಇದ್ದ ನನ್ನ ಹಳೇ ಕಂಪ್ಯೂಟರ್ ಸುಟ್ಟು ಗುಜರಿಗಿ ಹೋಗಿ ಭಾಳ ವರ್ಷ ಆತು. ಆದ್ರ ಅದರ ಹಾರ್ಡ್ ಡಿಸ್ಕ್ ಬಿಚ್ಚಿ ಇಟ್ಕೊಂಡಿದ್ನಿ. ಅಟ್ಟದ ಮ್ಯಾಲಿನ ಡಬ್ಬಿಯಾಗ, ಹಳೇ ಫ್ಲ್ಯಾಶ್ ಲೈಟಿನ ಬಾಜೂಕ, ಪ್ಲಾಸ್ಟಿಕ್ ಚೀಲದಾಗ ಸುತ್ತಿದ್ದು ಸಿಕ್ತು. ಇಟ್ಟಂಗಿ ತುಂಡಿನಷ್ಟು ಭಾರ. ಮ್ಯಾಲ ಹಳದಿ ಕಲಿ ಇದ್ವು, ಅರಿವಿಲೆ ಒರ್ಸಿದ್ನಿ. ಆ ಹಳದಿ ಬಗ್ಗೆ ಆವಾಗ ಏನೂ ವಿಚಾರ ಮಾಡ್ಲಿಲ್ಲ.

ಈಗಿನ ಕಂಪ್ಯೂಟರಿಗಿ ಆ ಡಿಸ್ಕ್ ಕೂಡಂಗಿಲ್ಲ. ಹಳೇದಕ್ಕ ಅಗಲ ಪಟ್ಟಿ ವಾಯರು, ನಾಲ್ವತ್ತರ ಹತ್ರ ಪಿನ್ನು. ಹೊಸಾದಕ್ಕ ಬೆರಳಷ್ಟು ಸಣ್ಣ ವಾಯರು. ಎರಡನ್ನೂ ಜೋಡಸೂ ಒಂದು ಅಡಾಪ್ಟರ್ ನನ್ನ ಹತ್ರ ಇತ್ತು. ಹಚ್ಚಿದ್ನಿ. ಅಡಾಪ್ಟರಿನ ದೀಪಾ ಹತ್ತಿತು. ಡಿಸ್ಕಿನಿಂದ ಸಪ್ಪಳ ಇಲ್ಲ. ಕಿವಿ ಹಚ್ಚಿ ಕೇಳಿದ್ನಿ. ಒಳಗ ಒಂದ ಸಲ ನಡುಗಿದಂಗ ಆತು, ಆಮ್ಯಾಲ ಏನೂ ಇಲ್ಲ. ಹತ್ತು ಸಲ ಬಿಚ್ಚಿ ಹಚ್ಚಿದ್ನಿ. ಹತ್ತೂ ಸಲ ಹಂಗ.

ಹೆಣ್ಮಗಳು ಬಾಕಿನ ಮ್ಯಾಲ ಕುಂತು ನನ್ನ ಮಾರಿನ ನೋಡಾಕತ್ತಿದ್ಲು. "ಸಿಕ್ತೇನ್ರಿ?"

"ಇನ್ನೂ ಇಲ್ಲವಾ. ನಾಳಿ ಗೋಕಾಕಕ್ಕ ಒಯ್ದು ತೋರಸ್ತೀನಿ."

"ಅದರಾಗ ಐತಿ ಅಂತೂ ಖರೇನ?"

ಐತಿ ಅಂದ್ನಿ. ಅಂದ ಮ್ಯಾಲ ಹೆದ್ರಿಕಿ ಬಂತು. ಐತಿ ಅನ್ನೂದು ನನ್ನ ನೆನಪಷ್ಟ.

ಮಂಗಳವಾರ ಮುಂಜಾನಿ ಡಿಸ್ಕನ್ನ ಟವೆಲ್ಲಿನಾಗ ಸುತ್ತಿ, ಊಟದ ಡಬ್ಬಿಯಾಗ ಇಟ್ಟು, ಬಸ್ಸಿನಾಗ ತೊಡಿ ಮ್ಯಾಲ ಇಟ್ಕೊಂಡು ಹೋದ್ನಿ. ನಾಗನೂರ ದಾಟೂತನಾ ರೋಡಿನ ಒಂದೊಂದು ತಗ್ಗಿಗೂ ಡಬ್ಬಿ ಎತ್ತಿ ಹಿಡದ್ನಿ. ಬಾಜೂಕ ಕುಂತ ಅಜ್ಜ, "ಅದರಾಗ ತತ್ತಿ ಅದಾವೇನೋ?" ಅಂದ. ಹೌದ್ರಿ ಅಂದುಬಿಟ್ನಿ.

ಗೋಕಾಕ ಬಜಾರದಾಗ ಕಂಪ್ಯೂಟರ್ ರಿಪೇರಿ ಅಂಗಡಿಯವ ಡಿಸ್ಕ್ ಕೈಯಾಗ ಹಿಡದು ನಕ್ಕ. "ಕಾಕಾ, ಇದು ಹೊಲದಾಗ ಸಿಕ್ತೇನ್ರಿ, ನೇಗಿಲಿಗಿ?" ತನ್ನ ಕಡಿನೂ ಅಡಾಪ್ಟರ್ ಹಚ್ಚಿ ನೋಡಿದ. ಸಪ್ಪಳ ಇಲ್ಲ. "ಸತ್ತೈತ್ರಿ. ಇಂಥಾವನ್ನ ದೊಡ್ಡ ಊರಿಗಿ ಕಳಿಸಿ ತಗಸ್ತಾರ. ಒಂದ ತಿಂಗಳ ಹಿಡೀತೈತಿ."

"ಗುರುವಾರ ಬೇಕಪಾ ನನಗ."

ಅಂವಾ ತಲಿ ಕೆರ್ಕೊಂಡ. ಅಡಾಪ್ಟರಿನ ಕರೆಂಟ್ ಕಮ್ಮಿ ಬೀಳಬಹುದು, ಹಳೇ ಕಂಪ್ಯೂಟರಿನಾಗ ನೇರ ಕುಂಡ್ರಿಸಿ ನೋಡಬೇಕು, ಆದ್ರ ಅಂಥಾ ಹಳೇ ಪೆಟ್ಟಗಿ ಗೋಕಾಕದಾಗ ಯಾರೂ ಇಟ್ಕೊಂಡಿಲ್ಲ ಅಂದ. ಆಮ್ಯಾಲ, "ಹುಕ್ಕೇರ್ಯಾಗ ಒಬ್ರು ರೇಡಿಯೋ ರಿಪೇರಿ ಕಾಕಾ ಅದಾರ್ರಿ. ಯಾವ ಸಾಮಾನೂ ಒಗಿಯೂದಿಲ್ಲ. ಅವರ ಹತ್ರ ಇದ್ದೀತು" ಅಂದ.

ಘಟಪ್ರಭಾ ಮ್ಯಾಲ ಹಾದು ಹುಕ್ಕೇರಿ ಮುಟ್ಟೂದರಾಗ ಮಧ್ಯಾನ ಆಗಿತ್ತು. ಕಾಕಾನ ಅಂಗಡಿ ಅಂದ್ರ ಮಂದಿ ನಿಂದ್ರಾಕ ಎರಡು ಫರಸಿ ಕಲ್ಲಿನಷ್ಟು ಜಾಗಾ. ಉಳಿದದ್ದೆಲ್ಲಾ ರೇಡಿಯೋ, ಟೇಪು, ಮಿಕ್ಸರು, ಟಿವಿ. ಎಪ್ಪತ್ತರ ಹತ್ರದ ವಯಸ್ಸು, ಕಣ್ಣಿಗಿ ದಪ್ಪ ಚಸ್ಮಾ. ನನ್ನ ಕಥಿ ಕೇಳೂ ಮುಂದ ಕೈಯಾಗಿನ ಬೆಸಿಗಿ ಕಬ್ಬಿಣ ಕೆಳಗ ಇಡ್ಲಿಲ್ಲ. ಮೈದುನನ ಮಾತು ಬಂದಾಗ ಇಟ್ರು.

"ಪೆಟ್ಟಗಿ ಐತೋ ತಮ್ಮಾ," ಅಂದ್ರು. "ಕ್ಯಾಸೆಟ್ಟಿನ ಹಾಡು ಇಳಸಾಕ ಇಟ್ಕೊಂಡೇನಿ. ಆದ್ರ ಅದೂ ನನ್ನಂಗ. ಮುಂಜಾನಿ ಎದ್ರ ಎದ್ದಂಗ."

ಪೆಟ್ಟಗಿ ಬಾಜೂದ ತಗಡಿನ ಪತ್ರಾ ಬಿಚ್ಚಿದ್ವಿ. ಕಾಕಾನ ಡಿಸ್ಕು ಒಂದು ಒಳಗ ಇತ್ತು. ಅದ ವಾಯರಿಗಿ ಎರಡನೇದಾಗಿ ನಂದು ಹಚ್ಚಬೇಕು. ಹಳೇ ಡಿಸ್ಕಿನ ಹಿಂದ ಜ್ವಾಳದ ಕಾಳಿನಷ್ಟು ಒಂದು ಪ್ಲಾಸ್ಟಿಕ್ ಟೊಪ್ಪಗಿ ಇರ್ತೈತಿ, ಜಂಪರ್ ಅಂತಾರ. ಅದು ಯಾವ ಪಿನ್ನಿನ ಮ್ಯಾಲ ಕುಂತೈತಿ ಅನ್ನೂದರ ಮ್ಯಾಲ ಯಾವ ಡಿಸ್ಕು ದೊಡ್ಡದು, ಯಾವುದು ಸಣ್ಣದು ಅಂತ ಕಂಪ್ಯೂಟರ್ ತಿಳಕೋತೈತಿ. ಎರಡೂ ನಾ ದೊಡ್ಡಾಂವ ಅಂದ್ರ ಯಾವುದೂ ಕಾಣಂಗಿಲ್ಲ. ನನ್ನ ಡಿಸ್ಕಿನ ಟೊಪ್ಪಗಿ ಚಿಮಟಿಗಿಲೆ ಕಿತ್ತು ಸಣ್ಣಾಂವನ ಜಾಗಾಕ ಕುಂಡ್ರಿಸಿದ್ನಿ. ಅಗಲ ವಾಯರಿನ ಕೆಂಪು ಅಂಚು ಕರೆಂಟಿನ ಕಡೆ ಬರೂಹಂಗ ಒತ್ತಿದ್ನಿ. ಚಾಲೂ ಮಾಡಿದ್ವಿ.

ಕರೀ ಪರದಿ ಮ್ಯಾಲ ಮೊದಲ್ನೇ ಸಾಲಿನಾಗ ಕಾಕಾನ ಡಿಸ್ಕಿನ ಹೆಸರು ಬಂತು. ಎರಡನೇ ಸಾಲು ಖಾಲಿ.

ತಪ್ಪು ಕರೆಂಟಿಂದು ಇರ್ಲಿಲ್ಲ. ಡಿಸ್ಕ್ ತಿರುಗತಿರ್ಲಿಲ್ಲ.

ಕಾಕಾ ಅದನ್ನ ಬಿಚ್ಚಿಕೊಂಡು ಬೆಳಕಿಗಿ ಹಿಡದ್ರು. ಚಸ್ಮಾ ಮ್ಯಾಲ ಎತ್ತಿ, ಅಂಚು ನೋಡಿದ್ರು. "ಇದೇನೋ ಇದು, ಹಳದಿ? ಯಾರರೆ ಇದರ ಮ್ಯಾಲ ಪಲ್ಯಾ ಚಲ್ಯಾರೇನು?"

ಆವಾಗ ನೆನಪಾತು, ಅದು ಪಲ್ಯಾದ ಹಳದಿ ಅಲ್ಲ, ನಾನ ಹಚ್ಚಿದ್ದು.

ನಾವು ಕುರಿ ಕಾಯೂ ಮಂದಿ. ದಸರಾದ ಖಂಡೇ ಪೂಜಿ ದಿನಾ ನಮ್ಮಪ್ಪ ಕುರಿ ಉಣ್ಣೆ ಕತ್ತರಸೂ ಕತ್ತರಿ ತೊಳದು, ಭಂಡಾರದ ಅರಿಷಿಣ ನೀರಾಗ ಕಲಿಸಿ ಅಲಗಿಗೇ ಹಚ್ತಿದ್ದ. ಹಿಡಿಕಿಗಿ ಹಚ್ಚಿದ್ರ ಏನ್ ಬಂತು, ದುಡಿಯೂದು ಅಲಗು ಅಂತಿದ್ದ. ಸ್ಟುಡಿಯೋ ಹಾಕಿದ ಮ್ಯಾಲ ಉಳಿದ ಅಂಗಡಿಯವರೆಲ್ಲಾ ಕಂಪ್ಯೂಟರಿನ ಹೊರಗ ಕುಂಕುಮ ಹಚ್ಚಿ, ಹೂವು ಏರಿಸಿ ಕೈ ಮುಗೀತಿದ್ರು. ನನಗ ಅದು ಹಿಡಿಕಿಗಿ ಹಚ್ಚಿದಂಗ ಕಾಣ್ತಿತ್ತು. ವರ್ಷಾ ಪತ್ರಾ ಬಿಚ್ಚಿ, ಒಳಗಿನ ಡಿಸ್ಕಿಗೇ ನೀರಾಗ ಕಲಿಸಿದ ಭಂಡಾರ ಮೂರು ಬೆರಳಲೆ ಹಚ್ತಿದ್ನಿ. ಫೋಟೋ ಎಲ್ಲಾ ಇರೂದು ಅದರಾಗ ಅಲ್ಲೇನು? ಐದಾರು ವರ್ಷ ಹಂಗ ಮಾಡೇನಿ. ಆ ನೀರು ಅಂಚಿಗುಂಟ ಇಳದು ಕೆಳಗ ಹೋಗ್ತೈತಿ ಅನ್ನೂದು ನನ್ನ ತಲಿಗಿ ಹೊಳಿಲೇ ಇಲ್ಲ.

ಕಾಕಾಗ ಹೇಳಿದ್ನಿ. ಬೈತಾರ ಅಂತ ತಿಳ್ದಿದ್ನಿ. ಅವರು, "ನಾ ಟ್ರಾನ್ಸಿಸ್ಟರಿಗಿ ಕಾಯಿ ಒಡದು ನೀರು ಒಳಗ ಬಿಟ್ಟೇನಿ ಒಮ್ಮೆ. ಗಿರಾಕಿದು" ಅಂದ್ರು. ನಗು ಬರಲಿಲ್ಲ ನನಗ.

"ಮುಚ್ಚಳ ತಗದು ಒಳಗಿನ ತಾಟು ಕೈಲೆ ತಿರಗಿಸಿ ನೋಡೂಣೇನು?" ಅಂತ ಅವರ ಕೇಳಿದ್ರು.

"ಬ್ಯಾಡ್ರಿ ಕಾಕಾ. ಮುಚ್ಚಳ ತಗದ್ರ ಧೂಳಾ ಹೋಗಿ ಅಲ್ಲಿಗಿ ಮುಗೀತು. ಕೆಳಗಿನ ಹಸರು ಬೋರ್ಡ್ ಅಷ್ಟ ಬಿಚ್ಚೂಣ್ರಿ. ನೀರು ಇಳದಿದ್ರ ಅಲ್ಲೇ ಇಳದೈತಿ."

ಬೋರ್ಡಿಗಿ ಆರು ಸ್ಕ್ರೂ, ಆರೂ ನಕ್ಷತ್ರದಂಗ ತಲಿ ಇದ್ದಾವು. ಅಂಥಾ ಪಾನಾ ಕಾಕಾನ ಹತ್ರ ಇರ್ಲಿಲ್ಲ. ಒಂದು ಹಳೇ ಸಣ್ಣ ಸ್ಕ್ರೂಡ್ರೈವರ್ ತಗೊಂಡು, ಅರದಲೆ ತಿಕ್ಕಿ ತಿಕ್ಕಿ ತುದಿ ಕಿರಿದು ಮಾಡಿದ್ರು. ತಿಕ್ಕೂದು, ಇಟ್ಟು ನೋಡೂದು, ಮತ್ತ ತಿಕ್ಕೂದು. ಅರ್ಧ ತಾಸು ಹಿಡೀತು. ಐದು ಸ್ಕ್ರೂ ಬಂದ್ವು. ಆರನೇದು ಭಂಡಾರದಾಗ ಕಚ್ಚಿಕೊಂಡಿತ್ತು. ಜೋರ ಮಾಡಿದ್ರ ತಲಿ ತಿರುವು ಹಾರ್ತಿತ್ತು. ಕಾಕಾ ಬೆಸಿಗಿ ಕಬ್ಬಿಣದ ತುದಿ ಆ ಸ್ಕ್ರೂ ಮ್ಯಾಲ ಇಟ್ಟು ಕಾಸಿದ್ರು. ಸಣ್ಣಗ ಅರಿಷಿಣ ಸುಟ್ಟ ವಾಸನಿ ಬಂತು, ಆಮ್ಯಾಲ ಸ್ಕ್ರೂ ಬಂತು.

ಬೋರ್ಡ್ ಮಗುಚಿದ್ರ, ತಾಮ್ರದ ಚುಕ್ಕಿಗಳು ಇದ್ದ ಜಾಗಾದಾಗ ಹಸರು-ಕರೀ ಹೊಲಸು. ಈ ಚುಕ್ಕಿ ಮ್ಯಾಲ ಹಾದ ಬೋರ್ಡಿನ ಕರೆಂಟು ಒಳಗಿನ ಮೋಟರಿಗಿ ಹೋಗೂದು. ಸಾಲಿ ಹುಡುಗರು ಬಳಸೂ ರಬ್ಬರ್ ತಂದು ಒಂದೊಂದ ಚುಕ್ಕಿ ಹಗೂರಕ ಉಜ್ಜಿದ್ನಿ. ಒತ್ತಿದ್ರ ತಾಮ್ರದ ಪದರ ಕಿತ್ತು ಬರ್ತೈತಿ, ಒತ್ತಲಿಲ್ಲಂದ್ರ ಹೊಲಸು ಹೋಗಂಗಿಲ್ಲ. ಆಮ್ಯಾಲ ಹತ್ತಿಗಿ ಸ್ಪಿರಿಟ್ ಹಚ್ಚಿ ಒರ್ಸಿದ್ನಿ. ಕೆಂಪಗ ತಾಮ್ರ ಕಾಣಾಕ ಹತ್ತಿತು. ಎಲ್ಲಾ ತಿರುಗಿ ಜೋಡಿಸಿ, ವಾಯರ್ ಹಚ್ಚಿ, ಇನ್ನ ಚಾಲೂ ಮಾಡಬೇಕು ಅನ್ನೂದರಾಗ ಬಜಾರದ ಕರೆಂಟ್ ಹೋತು. ಸಂಜಿ ಆರಾದ್ರೂ ಬರಲಿಲ್ಲ. ಕಾಕಾ ಶಟರ್ ಇಳಸ್ಕೋತ, "ಡಿಸ್ಕ್ ಇಲ್ಲೇ ಇರ್ಲಿ. ಸ್ಪಿರಿಟೂ ಚಂದಂಗ ಆರ್ತೈತಿ" ಅಂದ್ರು.

ಬುಧವಾರ ಹೆಣ್ಮಗಳೂ ಬಂದ್ಲು. ಗೋಕಾಕ ಬಸ್ ಸ್ಟ್ಯಾಂಡಿನಾಗ ಕಾದು ನಿಂತು ನನ್ನ ಬಸ್ಸಿಗೇ ಏರಿದ್ಲು. "ನೀವು ತಗಿಯೂ ಮುಂದ ನಾ ಅಲ್ಲಿ ಇರಬೇಕ್ರಿ. ನಾಳಿ ಯಾರರೆ ಕೇಳಿದ್ರ ಕಣ್ಣಾರೆ ನೋಡೇನಿ ಅಂತ ಹೇಳಾಕ ಬರ್ತೈತಿ" ಅಂದ್ಲು. ತಿಂಗಳಾನುಗಟ್ಲೆ ಕೋರ್ಟಿಗಿ ತಿರಗಿದ್ರಾಗ ಆಕಿ ನನಗಿಂತ ಹೆಚ್ಚು ಕಲ್ತಿದ್ಲು.

ಕಾಕಾ ಆಕಿಗಿ ಒಂದು ರೇಡಿಯೋ ಪೆಟ್ಟಗಿ ಬೋರಲ ಹಾಕಿ ಕುಂಡ್ರಾಕ ಕೊಟ್ರು. ಕರೆಂಟು ಇತ್ತು. ಗುಂಡಿ ಒತ್ತಿದ್ನಿ.

ಝುಂಯ್ ಅಂತ ಶುರುವಾತು. ಮೊದಲ ಹಗೂರಕ, ಆಮ್ಯಾಲ ಏರ್ಕೋತ. ನಾ ಡಿಸ್ಕಿನ ಮ್ಯಾಲ ಬೆರಳ ಇಟ್ನಿ, ನಡಗತಿತ್ತು. ಪರದಿ ಮ್ಯಾಲ ಎರಡನೇ ಸಾಲಿನಾಗ ಹೆಸರು ಬಂತು.

"ಎದ್ದ!" ಅಂತ ಕಾಕಾ ಚಪ್ಪಾಳಿ ಹೊಡದ್ರು.

ಅದು ಪೂರಾ ಮುಗಿಯೂದರಾಗ ಪರದಿ ನೀಲಿ ಆತು. ನಾ ಸಾಲಿ ಮೆಟ್ಟಲ ಹತ್ತಿದ್ದ ಹದಿನಾಲ್ಕನೇ ವರ್ಷಕ್ಕ, ಇಂಗ್ಲಿಷ್ ಓದಾಕ ನನಗ ಇನ್ನೂ ಟೈಮ್ ಬೇಕು. ಆದ್ರ ಆ ನೀಲಿ ಪರದಿ ಓದೂದು ಬೇಕಿರ್ಲಿಲ್ಲ. ಡಿಸ್ಕ್ ತಪಾಸಣಿ ಮಾಡ್ತೀನಿ, ಬ್ಯಾಡಾದ್ರ ಹತ್ತು ಸೆಕೆಂಡಿನಾಗ ಯಾವುದರೆ ಗುಂಡಿ ಒತ್ರಿ ಅಂತ ಅದರ ಮಾತು. ಒಮ್ಮೆ ಬೇರೆ ಡಿಸ್ಕಿಗಿ ಈ ತಪಾಸಣಿ ಆಗಾಕ ಬಿಟ್ಟಿದ್ನಿ. ಮುಗದ ಮ್ಯಾಲ ಒಂದು ಮದುವಿ ಪೂರಾ ಹೆಸರಿಲ್ಲದ ತುಂಡುಗಳಾಗಿ ಬಿದ್ದಿತ್ತು. ಒಂದೂ ತೆರಕೊಳ್ಳಲಿಲ್ಲ. ಆ ಮನಿ ಮಂದಿ ಇವತ್ತಿಗೂ ನನ್ನ ಮಾತಾಡ್ಸಂಗಿಲ್ಲ.

ಉದ್ದ ಗುಂಡಿ ಒತ್ತಿದ್ನಿ. ಒಂಬತ್ತು. ಮತ್ತ ಒತ್ತಿದ್ನಿ. ಎಂಟು. ಎಲ್ಲಾ ಗುಂಡಿ ಒತ್ತಿದ್ನಿ. ಏಳು.

"ಕೀಬೋರ್ಡ್ ತಗೋವಲ್ದು ಕಾಕಾ!"

ಕಾಕಾ ಹಿಂದ ಕೈ ಹಾಕಿದ್ರು. ಪೆಟ್ಟಗಿ ಸರಸೂ ಮುಂದ ಅದರ ಗುಂಡ ಪಿನ್ನು ಸಡಲಾಗಿತ್ತು. ಒತ್ತಿದ್ರು. ಅಂಥಾ ಹಳೇ ಕೀಬೋರ್ಡು ನಡುವ ಹಚ್ಚಿದ್ರ ಏಳಂಗಿಲ್ಲ. ಐದು. ಈಗ ಎರಡ ಹಾದಿ. ಬಿಟ್ರ ತಪಾಸಣಿ ಶುರುವಾಗಿ ಫೋಟೋ ಹೋಗಬಹುದು. ಮೇನ್ ಬಂದ್ ಮಾಡಿದ್ರ ಈಗಷ್ಟ ಎದ್ದ ಡಿಸ್ಕ್ ಮತ್ತ ಏಳದ ಇರಬಹುದು. ಇನ್ನೊಂದು ಸಲ ಏಳೂ ತಾಕತ್ತು ಅದಕ್ಕ ಐತೋ ಇಲ್ಲೋ ಯಾರಿಗಿ ಗೊತ್ತು. ಹೆಣ್ಮಗಳು ಎದ್ದು ನಿಂತಿದ್ಲು. ಮೂರು.

ಗ್ವಾಡಿ ಸ್ವಿಚ್ ಬಂದ್ ಮಾಡಿದ್ನಿ.

ಝುಂಯ್ ಅನ್ನೂ ಸಪ್ಪಳ ಇಳದು ನಿಂತು ಹೋತು.

"ಬಂದ್ ಯಾಕ ಮಾಡಿದ್ರಿ?" ಅಂತ ಆಕಿ ಕೇಳಿದ್ಲು. ತಿಳಿಸಿ ಹೇಳಿದ್ನಿ. ಕೇಳಿ, "ಮತ್ತ ಏಳಲಿಲ್ಲಂದ್ರ?"

"ಏಳಲಿಲ್ಲಂದ್ರ ನಾ ಕೆಡಿಸಿದ್ನಿ ಅಂತ ಕೋರ್ಟಿನಾಗ ಹೇಳ್ತೀನವಾ."

"ನೀವು ಹೇಳಿದ್ರ ನನಗೇನ್ ಸಿಕ್ತು?" ಅಂದ್ಲು.

ಕಾಕಾ ಚಾ ತರಿಸಿದ್ರು. ಡಿಸ್ಕ್ ತಣ್ಣಗಾಗ್ಲಿ ಅಂತ ಅರ್ಧ ತಾಸು ಬಿಟ್ವಿ. ಕೀಬೋರ್ಡಿನ ಪಿನ್ನು ಹೊಲಿಗಿ ದಾರಲೆ ಕಟ್ಟಿದ್ವಿ. ಟೇಬಲ್ ಫ್ಯಾನ್ ಡಿಸ್ಕಿನ ಮಾರಿಗಿ ಹಿಡದ್ವಿ. ನಾ ಚಾ ಕುಡೀಲಿಲ್ಲ.

ಎರಡನೇ ಸಲ ಗುಂಡಿ ಒತ್ತಿದಾಗ ಡಿಸ್ಕ್ ಒಮ್ಮೆ ತಿಣುಕಿ ನಿಂತಿತು. ಮತ್ತ ತಿಣಕಿತು. ಮೂರನೇ ಸಲಕ್ಕ ತಿರಗಾಕ ಹತ್ತಿತು. ನೀಲಿ ಪರದಿ ಬಂತು. ಹತ್ತು ಅನ್ನೂದರಾಗನ ಒತ್ತಿದ್ನಿ. ತಪಾಸಣಿ ಬಿಟ್ಟು ಮುಂದ ಹೋತು.

ಡಿಸ್ಕ್ ತಗದ ಕೂಡ್ಲೇ ಮೊದಲ ಮಾಡಿದ ಕೆಲಸ ಅಂದ್ರ, ಫೋಟೋ ಸಣ್ಣ ಸಣ್ಣ ಚಿತ್ರದಂಗ ತೋರಸೂದನ್ನ ಬಂದ್ ಮಾಡಿ ಹೆಸರಷ್ಟ ತೋರಸೂಹಂಗ ಮಾಡಿದ್ದು. ಚಿತ್ರ ತೋರಸಾಕ ಹೋದ್ರ ಅದು ಎಲ್ಲಾ ಫೋಟೋ ಒಮ್ಮೆಲೆ ಓದಾಕ ಹೋಗಿ ಸೋಲ್ತೈತಿ. ಮೇಲವಂಕಿ ಅಂತ ಹೆಸರಿದ್ದ ಫೋಲ್ಡರ್ ಸಿಕ್ತು. ಒಳಗ ಒಂದರಿಂದ ಇಪ್ಪತ್ತೆರಡರ ತನಾ ಫೋಲ್ಡರು. ಹದಿನೇಳು ತಗದ್ರ ನಾಕ ಫೋಟೋ. ಹೆಸರು ಇಲ್ಲ, ಬರೇ ಕ್ಯಾಮರಾ ಕೊಟ್ಟ ನಂಬರು.

ಡಿಸ್ಕಿನಿಂದ ಆವಾಗ್ಲೇ ಟಕ್ ಟಕ್ ಅಂತ ಸಪ್ಪಳ ಬರಾಕ ಹತ್ತಿತ್ತು. ನಾಕೂ ಬರ್ತಾವ ಅನ್ನೂ ಭರವಸಿ ನನಗ ಇರ್ಲಿಲ್ಲ. ಯಾವುದು ಮೊದಲ? ನಾ ಹೆಂಗ ಫೋಟೋ ತಗೀತಿದ್ನಿ ಅಂತ ನೆನಸಿದ್ನಿ. ಮೊದಲ್ನೇದು ಜೋಡಿ ಕುಂತಿದ್ದು. ಎರಡನೇದು ಅಂತರಪಟ ಹಿಡದದ್ದು. ಮೂರನೇದು ತಾಳಿ ಕಟ್ಟೂದು. ನಾಕನೇದು ಹಿರ್ಯಾರ ಕಾಲ ಬೀಳೂದು. ಇಪ್ಪತ್ತೆರಡು ಜೋಡಿಗೂ ಅದ ಕ್ರಮ.

"ತಾಳಿ ಕಟ್ಟೂದು ತಗೀತೀನಿ ಮೊದಲ," ಅಂದ್ನಿ.

ಮೂರನೇದು ಕಾಕಾನ ಡಿಸ್ಕಿಗಿ ಕಾಪಿ ಹಚ್ಚಿದ್ನಿ. ಹಸರು ಪಟ್ಟಿ ಅರ್ಧಕ್ಕ ಬಂತು, ನಿಂತು ಬಿಡ್ತು. ಟಕ್. ಟಕ್. ಐದು ನಿಮಿಷ ಕಾದ್ನಿ. ಓದಾಕ ಆಗವಲ್ದು ಅಂತ ಬರದು ಹೋತು. ಇನ್ನೊಮ್ಮೆ ಪ್ರಯತ್ನ ಮಾಡೂಣ ಅಂತ ಕೈ ಹೋತು. ಕಾಕಾ ನನ್ನ ಮುಂಗೈ ಹಿಡದ್ರು. "ಬ್ಯಾಡ. ಅದರ ಬೆನ್ನ ಹತ್ತಿದ್ರ ಉಳಿದವೂ ಹೋಗ್ತಾವು."

ಅದು ಖರೆ ಇತ್ತು. ತಾಳಿ ಫೋಟೋ ಅಲ್ಲೇ ಬಿಟ್ಟು ಎರಡನೇದಕ್ಕ ಬಂದ್ನಿ. ಪಟ್ಟಿ ಹಗೂರಕ ಹೋಗಿ ಹೋಗಿ ಪೂರಾ ಆತು. ಮೊದಲ್ನೇದು ಹಚ್ಚಿದ್ನಿ. ಅಷ್ಟರಾಗ ಡಿಸ್ಕ್ ಉದ್ದಕ ಕೀರ್ ಅಂದು, ಪರದಿ ಮ್ಯಾಲಿಂದ ಅದರ ಹೆಸರ ಮಾಯ ಆತು. ಅದಾದ ಮ್ಯಾಲ ಆ ಡಿಸ್ಕ್ ಮತ್ತ ಏಳಲಿಲ್ಲ.

ಕೈಯಾಗ ಉಳದದ್ದು ಒಂದ ಫೋಟೋ. ತಗದ್ನಿ.

ಮದುಮಗ ಒಂದು ಕಡೆ, ಎದಿ ಮ್ಯಾಲ ಹದಿನೇಳರ ಚೀಟಿ. ಆಕಿ ಇನ್ನೊಂದು ಕಡೆ, ಬಾಸಿಂಗದ ಕೆಳಗ ಅರ್ಧ ಮಾರಿ. ನಡುವ ಬಿಳೇ ಅರಿವಿ, ಎರಡೂ ತುದಿ ಇಬ್ರು ಹಿಡದಾರ. ತಾಳಿ ಎಲ್ಲೂ ಇಲ್ಲ. ಇದನ್ನ ಒಯ್ದ್ರ, ಪರದಿ ಹಿಡದಾರ ಅಷ್ಟ, ಮುಂದ ಮದುವಿ ಆತಂತ ಎಲ್ಲೈತಿ ಅಂತ ಕೇಳ್ತಾರ ಅಂತ ನಾ ಮನಸ್ಸಿನಾಗ ಅನ್ನಾಕತ್ತಿದ್ನಿ.

ಹೆಣ್ಮಗಳು ಮುಂದ ಬಂದು ನೋಡಿದ್ಲು. ಗಂಡನ್ನ ನೋಡ್ತಾಳ ಅಂತ ತಿಳ್ದಿದ್ನಿ. ಆಕಿ ಬೆರಳು ನೇರ ಅರಿವಿ ತುದಿ ಹಿಡದ ಹುಡುಗನ ಮ್ಯಾಲ ಹೋತು. ಮೀಸಿ ಇನ್ನೂ ಮೂಡಿರ್ಲಿಲ್ಲ, ಕೊಳ್ಳಾಗ ಹೊಸಾ ಟವೆಲ್ಲು, ಹಲ್ಲು ಕಿಸದು ಕ್ಯಾಮರಾನ ನೋಡಾಕತ್ತಾನ.

"ಇಂವಾ ನನ್ನ ಮೈದುನ," ಅಂದ್ಲು.

ಕಾಕಾ ಚಸ್ಮಾ ತಗದು ಒರ್ಸಿಕೊಂಡು ಹಾಕ್ಕೊಂಡು ಮತ್ತ ನೋಡಿದ್ರು. "ಎಲಾ ಮಗನ!"

ಗುರುವಾರ ಕೋರ್ಟಿನ ಮುಂದ ಬೇವಿನ ಗಿಡದ ಕೆಳಗ ಕುಂತು ನಾ ಬರದ ಕಾಗದ ವಕೀಲ ಸಾಹೇಬ್ರು ಓದಿದ್ರು. ಮೂರು ಪುಟ ಆಗಿತ್ತು. "ಈ ಭಂಡಾರದ ಮಾತು, ರಬ್ಬರ್ ಉಜ್ಜಿದ್ದು ತಗದ ಬಿಡ್ರಿ. ಎದರಿನವರು ಹಿಡ್ಕೊಂಡು ಎಳೀತಾರ" ಅಂದ್ರು.

"ಹ್ಯಾಂಗ ತಗದ್ರಿ ಅಂತ ಎಲ್ಲಾ ಬರೀರಿ ಅಂತ ನೀವ ಹೇಳಿದ್ರಲ್ರಿ."

"ಹೇಳಿದ್ನಪಾ. ಆದ್ರ ಇಷ್ಟು?"

"ಬಿಟ್ಟು ಬರದ್ರ ನನಗ ಸಹಿ ಮಾಡಾಕ ಆಗಂಗಿಲ್ರಿ."

ಅವರು ಹೇಳಿದಂಗ ಆತು. ಕಟಕಟಿಯಾಗ ನಿಂತಾಗ ಎದರಿನ ವಕೀಲರು ಅದನ್ನ ಎಳದ್ರು. "ಅಂದ್ರ ನೀವು ಹಾರ್ಡ್ ಡಿಸ್ಕಿಗಿ ಭಂಡಾರ ಹಚ್ಚಿ ಪೂಜಿ ಮಾಡ್ತೀರಿ?" ಹಿಂದ ಕುಂತವರು ನಕ್ರು. ಹೌದ್ರಿ ಅಂದ್ನಿ. "ಸ್ಕ್ರೂ ಬಿಚ್ಚೀರಿ, ಕಾಸೀರಿ, ರಬ್ಬರಲೆ ಉಜ್ಜೀರಿ. ಇಷ್ಟೆಲ್ಲಾ ಮಾಡಿದವರು ಖೊಟ್ಟಿ ಫೋಟೋ ಮಾಡಿಲ್ಲ ಅಂತ ಹೆಂಗ ನಂಬೂದು?"

"ಉಜ್ಜಿದ್ದು ತಾಮ್ರ ಸಾಹೇಬ್ರ, ಫೋಟೋ ಅಲ್ಲ. ಡಿಸ್ಕ್ ತಂದೇನಿ, ಇಲ್ಲೇ ಇಡ್ತೀನಿ. ಬೇಕಾದವರ ಕಡೆ ತೋರ್ಸ್ರಿ. ನಾ ಫೋಟೋ ಮಾಡಾಂವ ಆಗಿದ್ರ ತಾಳಿ ಕಟ್ಟೂದ ಮಾಡ್ತಿದ್ನಿ."

ಜಡ್ಜ್ ಸಾಹೇಬ್ರು ತಲಿ ಎತ್ತಿ ನನ್ನ ನೋಡಿದ್ರು. ಬರಸಿಕೊಂಡ್ರು.

ಮೈದುನನ ಪಾಳಿ ಬಂದ ದಿನಾ ನನ್ನ ಯಾರೂ ಕರದಿರ್ಲಿಲ್ಲ. ಅಂಗಡಿ ಬಂದ್ ಮಾಡಿ ಹೋದ್ನಿ. ಹೆಣ್ಮಗಳ ವಕೀಲರು ಫೋಟೋ ಅವನ ಕೈಗಿ ಕೊಟ್ಟು, "ಈ ಅರಿವಿ ಹಿಡದಾಂವ ಯಾರು?" ಅಂತ ಕೇಳಿದ್ರು. ಅಂವಾ ಭಾಳ ಹೊತ್ತು ನೋಡಿದ.

"ನಾನ ರೀ."

"ಯಾರ ಲಗ್ನಕ್ಕ ಹಿಡದಿದ್ರಿ?"

ಅಂವಾ ತನ್ನ ವಕೀಲರ ಕಡೆ ನೋಡಿದ. ಅವರು ಕಾಗದ ನೋಡಾಕತ್ತಿದ್ರು. "ಅಣ್ಣಂದು," ಅಂದ. ಹೊರಗ ಬಂದ ಮ್ಯಾಲ ನನ್ನ ಮುಂದ ಹಾದು ಹೋಗೂ ಮುಂದ ನಿಂತು, "ಆ ಟವೆಲ್ಲ ಅಣ್ಣನ ಕೊಡ್ಸಿದ್ದ" ಅಂತ ಹೇಳಿ ಹೋದ. ಯಾಕ ಹೇಳಿದ ನನಗ ಇವತ್ತಿಗೂ ಗೊತ್ತಿಲ್ಲ.

ಮುಂದ ಎಷ್ಟೋ ತಾರೀಖು ಆದ ಮ್ಯಾಲ ಒಂದ ದಿನಾ ಹೆಣ್ಮಗಳು ನನ್ನ ಅಂಗಡಿಗಿ ಬಂದ್ಲು. ಅಷ್ಟ ದಿನದಾಗ ನಾ ಆ ಫೋಟೋ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಇಟ್ಟಿದ್ನಿ. ತೋರಿಸಿದ್ನಿ.

"ಇದನ್ನ ನೀವ ಇಟ್ಕೋರಿ ಅಣ್ಣಾ. ಆ ಮೈದುನನ ಹಲ್ಲು ನಾ ಯಾಕ ದಿನಾ ನೋಡ್ಲಿ," ಅಂದ್ಲು. ಸೀರಿ ಸೆರಗಿನಾಗಿಂದ ಕೋರ್ಟಿನ ತೀರ್ಪಿನ ಕಾಗದ ತಗದ್ಲು. "ಇದಕ್ಕ ಪ್ಲಾಸ್ಟಿಕ್ ಹಚ್ಚಿ ಕೊಡ್ರಿ."

ಕೋರ್ಟಿನ ಮೂಲ ಕಾಗದಕ್ಕ ಲ್ಯಾಮಿನೇಷನ್ ಮಾಡಬಾರ್ದು ಅಂತ ಹೇಳಿದ್ನಿ. ಝೆರಾಕ್ಸ್ ತಗದು ಅದಕ್ಕ ಮಾಡಿ ಕೊಟ್ನಿ. ಬಿಸಿ ಇದ್ದದ್ದನ್ನ ಕೈಯಾಗ ಹಿಡ್ಕೊಂಡು ತಿರುವಿ ಮುರುವಿ ನೋಡಿದ್ಲು.

"ಹೆಂಡ್ತಿ ಅಂತ ಎಲ್ಲಿ ಬರದಾರ್ರಿ?"

ಹುಡುಕಿ, ಬೆರಳ ಇಟ್ಟು ತೋರಿಸಿದ್ನಿ. ಆಕಿ ಅಲ್ಲಿ ತನ್ನ ಬೆರಳ ಇಟ್ಟು ನೋಡಿದ್ಲು. ಆಮ್ಯಾಲ ಮೂಲ ಕಾಗದ ಟೇಬಲ್ ಮ್ಯಾಲ ಹರವಿ, ಹಳೇ ಮಡಿಕಿ ಬಿಡಿಸಿ, ಆ ಸಾಲಿನ ಮ್ಯಾಲ ಮಡಿಕಿ ಬೀಳದಂಗ ನೋಡ್ಕೊಂಡು ಬ್ಯಾರೆ ಕಡೆ ಮಡಚಿದ್ಲು.